ಹೂಂ ಎನ್ನದ ಮನೆ

ಹೋದ ವಾರ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆ ಒಂದು ಹಳೇ ಮನೆ ನೋಡಲು ಹೋಗಿದ್ದೆ. ಯಜಮಾನ ಅಡಿಗೆಮನೆಯ ಮೂಲೆಯಲ್ಲಿದ್ದ ಮರದ ಕಣಜದ ಮುಚ್ಚಳ ಎತ್ತಿ, "ಒಳಗೂ ಗಟ್ಟಿ ಐತೆ, ಬಗ್ಗಿ ನೋಡ್ರಿ" ಎಂದ. ಬಗ್ಗಿದೆ. ಮುಗ್ಗಿದ ಜೋಳದ ವಾಸನೆ ಮುಖಕ್ಕೆ ಬಡಿಯಿತು. ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡೆ. "ಏನಾತಕ್ಕ?" ಎಂದ. ಏನಿಲ್ಲಪ್ಪ, ಬೆಲೆ ಹೇಳು ಎಂದೆ. ಹೇಳಿದ. ಎದುರು ಒಂದು ಮಾತೂ ಆಡದೆ, ಯೋಚನೆ ಮಾಡಿ ಹೇಳುತ್ತೇನೆಂದು ಹೊರಗೆ ಬಂದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಬಸ್ಸಿನ ಟಿಕೆಟಿಗೂ ಚೌಕಾಸಿ ಮಾಡುವವಳು ಎಂದು ನನ್ನ ಹೆಸರು.

ಆ ವಾಸನೆ ನನಗೆ ನಾಲ್ಕು ವರ್ಷದ ಹಿಂದಿನ ಒಂದು ಆಷಾಢದ್ದು. ಚಿತ್ರದುರ್ಗದ ಕೋಟೆ ಕೆಳಗಿನ ಹಳೇ ಪೇಟೆಯಲ್ಲಿ, ನನ್ನ ಮಾತು ಕೇಳಿ ಒಬ್ಬ ಮನುಷ್ಯ ನೆಲದೊಳಗೆ ಇಳಿದ ದಿನದ್ದು.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಜವನಗೊಂಡನಹಳ್ಳಿಯಿಂದ ಬಂದವಳು ನಾನು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಬುಟ್ಟಿ ಹೊತ್ತು ಹಿರಿಯೂರು, ದುರ್ಗದ ಓಣಿಗಳನ್ನು ಹದಿನೈದು ವರ್ಷ ಸುತ್ತಿದ್ದೇನೆ. ಬಟ್ಟೆ ತರಲು ಮನೆಯ ಹೆಂಗಸರು ಒಳಗೆ ಹೋದಾಗ ಅವರ ಕಂಬ, ಬಾಗಿಲು, ತೊಲೆಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಯಾವ ಮನೆಯಲ್ಲಿ ಯಾವ ಮರ ಇದೆ ಎಂಬುದು ಆಗಲೇ ತಲೆಯಲ್ಲಿ ಕೂತಿತ್ತು. ಆಮೇಲೆ ಕೆಡವುವ ಮನೆಗಳ ಮರಮಟ್ಟು ಕೊಳ್ಳಲು ಶುರು ಮಾಡಿದೆ. ಈಗ ಹಿರಿಯೂರಿನ ಹೆದ್ದಾರಿ ಪಕ್ಕ ನನ್ನದೇ ಅಂಗಳ ಇದೆ. ರೆಸಾರ್ಟಿನವರು, ಹೋಟೆಲಿನವರು ಕಾರು ನಿಲ್ಲಿಸಿ ಕಂಬ ಸವರಿ ನೋಡುತ್ತಾರೆ.

ಈ ಕಸುಬಿಗೆ ಬರುವವರಿಗೆ ಒಂದೆರಡು ಮಾತು ಹೇಳಬಲ್ಲೆ. ಹಳೇ ಮನೆ ನೋಡಲು ಹೋದರೆ ಕೆತ್ತನೆಗೆ ಮರುಳಾಗಬೇಡಿ, ಬಾಗಿಲ ಚೌಕಟ್ಟು ನೆಲ ಮುಟ್ಟುವ ಕಡೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿ. ಗೆದ್ದಲು ಬರುವುದು ಅಲ್ಲಿಂದ. ಎರಡನೆಯದು, ಕೊಳ್ಳುವುದಾದರೆ ಆಷಾಢದಲ್ಲಿ ಕೊಳ್ಳಿ. ಆ ತಿಂಗಳು ಯಾರೂ ಮನೆಯ ಮಾತಿಗೆ ಕೈ ಹಾಕುವುದಿಲ್ಲ, ಕೂಲಿಯವರು ಖಾಲಿ ಇರುತ್ತಾರೆ, ಮಾರುವವನ ಗಂಟಲಲ್ಲಿ ಜೋರು ಇರುವುದಿಲ್ಲ. ಶುಭಕಾರ್ಯಕ್ಕೆ ತಾನೆ ಆಷಾಢ ಬೇಡ, ಕೆಡವುವುದಕ್ಕೆ ಏನಂತೆ ಎಂದು ನಾನು ನಗುತ್ತಿದ್ದೆ.

ಆ ಮನೆ ಮಲ್ಲೇಶಪ್ಪನವರದು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಗಲಗಲ ಎನ್ನುತ್ತ ಇದ್ದರು. ಹಳೇ ಮನೆಯ ಮೇಲೆ ಅವರಿಗೆ ಮೋಹ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಅವರ ಅಕ್ಕ ಈರಕ್ಕ ಜೋಳದ ರೊಟ್ಟಿ ತಟ್ಟಿ ಖಾನಾವಳಿಗಳಿಗೆ ಹಾಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತಾನು ಹುಟ್ಟಿದ ಮನೆಗೇ ಬಂದು, ಯಾರ ಮುಂದೂ ಕೈ ಚಾಚದೆ ಬದುಕಿದ ಹೆಂಗಸು. ಶ್ರಾವಣಕ್ಕೆ ಎದುರು ಓಣಿಯಲ್ಲಿ ಬಾಡಿಗೆ ಕೋಣೆ ಗೊತ್ತು ಮಾಡಿಕೊಂಡಿದ್ದರು.

ಮಣ್ಣಿನ ಮಾಳಿಗೆಯ ಮನೆ. ಹೊರಗಿನಿಂದ ನೋಡಿದರೆ ಬೋಳು ಕಲ್ಲುಗೋಡೆ. ಒಳಗೆ ಕಾಲಿಟ್ಟರೆ ಪಡಸಾಲೆಯಲ್ಲಿ ಎಂಟು ತೇಗದ ಕಂಬ, ತಬ್ಬಿದರೆ ಕೈ ಸೇರದಷ್ಟು ದಪ್ಪ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರಿಂದ ಬಿಸಿಲು ನೇರ ಕೆಳಗಿಳಿದು ನೆಲದ ಒಂದು ಚಪ್ಪಡಿಯ ಮೇಲೆ ಬಿದ್ದಿತ್ತು. ಆ ಚಪ್ಪಡಿಯ ಸುತ್ತಲ ಸಂದಿಗೆ ಕೆಂಪು ಜೇಡಿಮಣ್ಣು ಮೆತ್ತಿದ್ದರು. ಮಣ್ಣು ಇನ್ನೂ ಹಸಿ. ಮೇಲೆ ಅಂಗೈಯಷ್ಟು ದೊಡ್ಡ ಒಂದು ಮಣ್ಣೆತ್ತು, ಒಂದೇ ಒಂದು, ನನ್ನ ಕಡೆ ಮುಖ ಮಾಡಿ ಕೂತಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಮೂರು ದಿನವಾಗಿತ್ತು. ಎತ್ತನ್ನು ಜೋಡಿಯಾಗಿ ದೇವರ ಮುಂದೆ ಇಡುವುದು ಕಂಡಿದ್ದೇನೆ. ಒಂಟಿ ಎತ್ತನ್ನು ನೆಲದ ಮೇಲೆ ಕಾವಲಿಗೆ ಕೂರಿಸಿದ್ದನ್ನು ಕಂಡಿದ್ದು ಅಲ್ಲೇ.

"ಅದೇನ್ರಿ ಈರಕ್ಕ?"

"ಹಗೇವು. ಅದರ ಬಾಯಿ."

ನೆಲದೊಳಗೆ ಹೂಜಿಯ ಹಾಗೆ ತೋಡಿ, ಒಳಗೆ ಜೋಳ ತುಂಬಿ, ಕಲ್ಲು ಮುಚ್ಚಿಡುವ ಗುಂಡಿಗೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಬಾಯಿ ಒಬ್ಬ ಆಳು ಇಳಿಯುವಷ್ಟೇ, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಹಳ್ಳಿಗಳಲ್ಲಿ ಊರ ಮುಂದೆ ಬೇಕಾದಷ್ಟು ಇದ್ದವು. ಪೇಟೆಯ ಮನೆಯೊಳಗೆ, ಪಡಸಾಲೆಯ ನಟ್ಟನಡುವೆ ಇದ್ದದ್ದು ಅಪರೂಪ.

ಮಲ್ಲೇಶಪ್ಪನವರ ಜೊತೆ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು. ಈರಕ್ಕನ ಜೊತೆ ಮುಗಿಯಲಿಲ್ಲ.

"ನೋಡವ್ವ, ಬಾಗಿಲು ಕಿತ್ಕ, ಜಂತಿ ಕಿತ್ಕ, ನಾನು ಬೇಡ ಅನ್ನಲ್ಲ. ಈ ಚಪ್ಪಡಿ ಮಾತ್ರ ಭೀಮನ ಅಮಾವಾಸ್ಯೆ ಆಗೋವರೆಗೂ ಮುಟ್ಟಬ್ಯಾಡ. ಆಷಾಢ ದಾಟಲಿ."

"ಹೂಂ" ಎಂದೆ.

ಈರಕ್ಕನ ಮುಖ ಬಿಗಿಯಿತು. "ಈ ಮನ್ಯಾಗೆ ಹಂಗನ್ನಂಗಿಲ್ಲ. ಬಾಯಿಬಿಟ್ಟು ಹೇಳು. ಮುಟ್ಟಲ್ಲ ಅನ್ನು."

ವ್ಯಾಪಾರದಲ್ಲಿ ಹೂಂ ಬಹಳ ಕೆಲಸಕ್ಕೆ ಬರುವ ಮಾತು. ಕೇಳಿದವರಿಗೆ ಒಪ್ಪಿದಂತೆ ಇರುತ್ತದೆ, ಒಪ್ಪಿರಲಿಲ್ಲ ಎಂದು ನಾಳೆ ಹೇಳಲೂ ಬರುತ್ತದೆ. ಅಷ್ಟು ವರ್ಷ ನಾನು ಅದರ ಮೇಲೇ ಬದುಕಿದವಳು. ಅವತ್ತು ನಕ್ಕು, ಆಯ್ತು ಬಿಡ್ರಿ ಎಂದು ಮಾತು ತೇಲಿಸಿದೆ.

ಆಮೇಲೆ ಗಮನಿಸಿದೆ. ಈರಕ್ಕನನ್ನು ಯಾರು ಕರೆದರೂ ಅವರು ಓಗೊಡುತ್ತಿದ್ದದ್ದು ಒಂದೇ ಮಾತಿನಿಂದ: "ಇದೀನಿ." ಹಾಲಿನವನು ಕೂಗಿದರೂ ಇದೀನಿ, ಫೋನಿನಲ್ಲಿ ತಮ್ಮ ಮಾತಾಡುವಾಗಲೂ ನಡುನಡುವೆ ಇದೀನಿ, ಇದೀನಿ. ಮಲ್ಲೇಶಪ್ಪನವರೂ ಹಾಗೇ. ಅವರ ಮೊಮ್ಮಗಳು ಒಂದು ದಿನ ಅಜ್ಜನ ಜೊತೆ ಬಂದಿದ್ದಳು, ಐದು ವರ್ಷದ ಹುಡುಗಿ. ಈರಕ್ಕ ರೊಟ್ಟಿ ತಟ್ಟುತ್ತ ಕಥೆ ಹೇಳುತ್ತಿದ್ದರು. ಕಥೆ ಕೇಳುವ ಮಕ್ಕಳು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರಿಗೆ ಹುರುಪು ಬರುವುದಿಲ್ಲ. ಆ ಮಗು ಒಂದೊಂದು ಸಾಲಿಗೂ "ಆಮೇಲೆ?" ಎನ್ನುತ್ತಿತ್ತು. ಒಂದು ಸಲವೂ ಬಾಯಿ ತಪ್ಪಲಿಲ್ಲ. ಅಷ್ಟು ಚಿಕ್ಕ ನಾಲಗೆಯನ್ನು ಯಾರು ಹೀಗೆ ಪಳಗಿಸಿದರು ಎಂದು ಕೈಯ ಕೆಲಸ ಬಿಟ್ಟು ನೋಡಿದೆ.

ನನ್ನ ಜೊತೆ ಕೆಲಸಕ್ಕೆ ಇದ್ದವನು ಓಬಣ್ಣ, ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯವನು. ಐವತ್ತು ದಾಟಿತ್ತು. ಕುರಿ ಮೇಯಿಸಿಕೊಂಡಿದ್ದವನು, ತಂದೆಯಿಂದ ಹಗೇವು ತೆಗೆಯುವ ಕೆಲಸವನ್ನೂ ಕಲಿತಿದ್ದ. ನನ್ನ ಮೊದಲ ಮನೆಯಿಂದಲೂ ನನ್ನ ಜೊತೆ ಇದ್ದವನು. ಮಾತು ಕಡಿಮೆ. ಒಂದು ತೊಲೆ ಇಳಿಸುವ ಮುಂಚೆ ಅದರ ಸುತ್ತ ಮೂರು ಸಲ ತಿರುಗಿ ನೋಡುವ ಜಾಯಮಾನ. ನಾನು ಬೈಯುತ್ತಿದ್ದೆ, ಆದರೆ ಅವನು ಇದ್ದ ಕಡೆ ನನ್ನ ಒಬ್ಬ ಕೂಲಿಯವನ ಕಾಲಿನ ಉಗುರೂ ಜಜ್ಜಿಲ್ಲ.

ದುರ್ಗದ ಆಷಾಢದ ಗಾಳಿ ಗೊತ್ತಿರುವವರಿಗೆ ಗೊತ್ತು. ಬಂಡೆಗಳ ಸಂದಿಯಿಂದ ನುಗ್ಗಿ ಪೇಟೆಯ ಓಣಿಗಳಲ್ಲಿ ಓಡುತ್ತದೆ. ಮುಂಬಾಗಿಲು ಬಿಚ್ಚಿದ ದಿನದಿಂದ ಅದು ನೇರ ಪಡಸಾಲೆಗೆ ಬಂದು, ಕಂಬಗಳ ನಡುವೆ ಸುತ್ತಿ, ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. ಊಟಕ್ಕೆ ಕೂತಾಗ ನನಗೊಂದು ಸಣ್ಣ ಸದ್ದು ಕೇಳುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ. ಬಗ್ಗಿ ನೋಡಿದರೆ ಚಪ್ಪಡಿಯ ಅಂಚಿನ ಜೇಡಿಮಣ್ಣು ಒಂದು ಕಡೆ ಬಿರಿದಿತ್ತು. ಮರುದಿನ ಬೆಳಿಗ್ಗೆ ಬಂದಾಗ ಅದಕ್ಕೆ ಹೊಸ ಮಣ್ಣು ಮೆತ್ತಿತ್ತು, ಈರಕ್ಕನ ಬೆರಳಿನ ಗುರುತು ಹಾಗೇ ಇತ್ತು.

ಎರಡು ವಾರದಲ್ಲಿ ಈರಕ್ಕನ ಕೋಣೆ ಬಿಟ್ಟು ಬೇರೆಲ್ಲ ಕಡೆಯ ಜಂತಿಗಳು ಇಳಿದವು. ಉಳಿದದ್ದು ಕಂಬಗಳು. ಅವನ್ನು ಹೊರಲು ಟ್ರಾಕ್ಟರ್ ಪಡಸಾಲೆಯವರೆಗೂ ಬರಬೇಕು. ಓಬಣ್ಣ ನೆಲ ಕುಟ್ಟಿ ನೋಡಿ, "ರತ್ನವ್ವ, ಟ್ರಾಕ್ಟರ್ ಬ್ಯಾಡ. ಹಗೇವಿನ ಹೊಟ್ಟೆ ಎಲ್ಲಿವರೆಗೂ ಐತೋ ಗೊತ್ತಿಲ್ಲ. ನೆಲ ಕುಸೀತೈತೆ" ಎಂದ.

"ಹಂಗಾರೆ ತೆಗೆದು ನೋಡಾಣ. ಮಣ್ಣು ತುಂಬಿ ಗಟ್ಟಿ ಮಾಡಾಣ."

"ಈರಕ್ಕ ಬ್ಯಾಡ ಅಂದವ್ರಲ್ಲ."

"ಭೀಮನ ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನ ಐತೆ. ಅಲ್ಲಿವರೆಗೂ ಏನು, ಕಂಬಕ್ಕೆ ಒರಗಿ ನಿದ್ದೆ ಮಾಡಾಣ?"

ಈರಕ್ಕ ಬೆಳಿಗ್ಗೆ ರೊಟ್ಟಿಯ ಗಂಟು ಹೊತ್ತು ಖಾನಾವಳಿಗಳಿಗೆ ಹೋಗುತ್ತಿದ್ದರು. ಮರುದಿನ ಅವರು ಓಣಿಯ ತಿರುವು ದಾಟುವುದನ್ನು ನೋಡಿ, ಸನಿಕೆಯ ತುದಿಯಿಂದ ನಾನೇ ಜೇಡಿಮಣ್ಣು ಕೆರೆದೆ. ಮಣ್ಣೆತ್ತನ್ನು ಕಿಟಕಿಯ ಮೇಲಿಟ್ಟೆ. ಇಬ್ಬರು ಕೂಲಿಯವರು ಹಾರೆ ಹಾಕಿ ಚಪ್ಪಡಿ ಸರಿಸಿದರು. ಆಗ ಬಂತು ಆ ವಾಸನೆ. ಕೊಳೆತದ್ದಲ್ಲ, ಕೆಟ್ಟದ್ದೂ ಅಲ್ಲ. ಬೆಚ್ಚಗೆ, ಸಿಹಿಯಾಗಿ, ಯಾರದೋ ಉಸಿರಿನ ಹಾಗೆ.

ಓಬಣ್ಣ, "ಒಂದು ದಿನ ಬಾಯಿ ತೆರೆದು ಬಿಡ್ಬೇಕು" ಎಂದ.

"ಈ ಗಾಳಿಗೆ ಒಂದು ದಿನ ಯಾಕೆ? ಎರಡು ಗಂಟೆ ಸಾಕು."

ಅವನು ನನ್ನ ಮುಖ ನೋಡಿದ. ವಾದ ಮಾಡುವ ಮನುಷ್ಯನಾಗಿದ್ದರೆ ಚೆನ್ನಾಗಿತ್ತು. ಎರಡು ಗಂಟೆ ಬಿಟ್ಟು ದಾರಕ್ಕೆ ದೀಪ ಕಟ್ಟಿ ಇಳಿಸಿದ. ದೀಪ ಉರಿಯಿತು. ಇನ್ನೇನು ಬೇಕು ಎಂದೆ. ಇದನ್ನು ಓದುವವರಲ್ಲಿ ಯಾರಾದರೂ ಹಗೇವು ತೆಗೆಯುವವರಿದ್ದರೆ ತಿಳಿದುಕೊಳ್ಳಿ: ದೀಪ ಉರಿದರೆ ಸಾಲದು. ತಳದಲ್ಲಿ ಹಳೇ ಹೊಟ್ಟು ಕೂತಿರುತ್ತದೆ. ಅದನ್ನು ಕೆದಕಿದ ಮೇಲೆ ಏಳುವ ಗಾಳಿಯೇ ಬೇರೆ. ಕೆದಕಿ, ಮತ್ತೆ ದೀಪ ಇಳಿಸಬೇಕು. ಇದು ಓಬಣ್ಣನಿಗೆ ಗೊತ್ತಿತ್ತು. ಅವನ ಕೈಯಲ್ಲಿ ಅದನ್ನು ಮಾಡಿಸದೆ ಅವಸರ ಮಾಡಿದವಳು ನಾನು.

ಕಂಬ ಎತ್ತಲು ಕಟ್ಟಿದ್ದ ರಾಟೆಗೆ ಹಗ್ಗ ಹಾಕಿ, ಅವನ ಎದೆಗೆ ಕಟ್ಟಿ ಇಳಿಸಿದೆವು. ಹಗೇವಿನ ಕೆಲಸದಲ್ಲಿ ಒಂದು ಕಟ್ಟಳೆ. ಮೇಲಿನವರು ಕೆಳಗಿನವನನ್ನು ಕರೆಯುತ್ತಲೇ ಇರಬೇಕು, ಅವನು ಓಗೊಡುತ್ತಲೇ ಇರಬೇಕು. ಓಗೊಡುವುದು ನಿಂತರೆ ಎಳೆಯಬೇಕು. ಕರೆಯುವ ಕೆಲಸ ನನ್ನದು.

"ಓಬಣ್ಣ?"

"ಹೂಂ."

ಒಂದು ಬುಟ್ಟಿ ಕರಿ ಹೊಟ್ಟು ಮೇಲೆ ಬಂತು. ಇನ್ನೊಂದು ಬಂತು. ಈರಕ್ಕ ಅಷ್ಟರಲ್ಲಿ ಹಿಂದಿರುಗಿದ್ದರು. ನಮ್ಮ ನಡುವೆ ಜಂತಿಗಳ ರಾಶಿ ಅಡ್ಡ ಇದ್ದದ್ದರಿಂದ ಅವರಿಗೆ ಚಪ್ಪಡಿ ಕಾಣಲಿಲ್ಲ. ಮುಂದಿನ ಕೋಣೆಯಿಂದ ರೊಟ್ಟಿ ತಟ್ಟುವ ಸದ್ದು ಶುರುವಾಯಿತು, ಟಪ ಟಪ ಟಪ. ಆಗಲೇ ನನಗೊಂದು ಫೋನ್ ಬಂತು. ಎಂಟೂ ಕಂಬ ತನಗೇ ಬೇಕು ಎನ್ನುತ್ತಿದ್ದ ಗಿರಾಕಿ. ಅಂಥ ಫೋನನ್ನು ನಾನು ಬಿಟ್ಟವಳಲ್ಲ.

ಒಂದು ಕಿವಿ ಫೋನಿಗೆ, ಒಂದು ಕಿವಿ ಹಗೇವಿಗೆ. ಗಿರಾಕಿ ಒಂದು ಮಾತು ಹೇಳುವುದು, ನಾನೊಂದು ಹೇಳುವುದು, ನಡುವೆ ಬಗ್ಗಿ ಓಬಣ್ಣ ಎನ್ನುವುದು, ಕೆಳಗಿನಿಂದ ಹೂಂ ಬರುವುದು. ಬುಟ್ಟಿ ಬರುವುದು ತಡವಾಯಿತು. "ಓಬಣ್ಣ?" "ಹೂಂ." ಹಗ್ಗ ಹಿಡಿದಿದ್ದವನು, "ಕೆಳಗೆ ತಂಪೈತೆ, ಬೀಡಿ ಹಚ್ಚಿರ್ಬೇಕು" ಎಂದು ನಕ್ಕ. ನಾನೂ ನಕ್ಕೆ. ಗಿರಾಕಿ ನನ್ನ ಬೆಲೆಯ ಹತ್ತಿರಕ್ಕೆ ಬರುತ್ತಿದ್ದ, ಇನ್ನೊಂದು ಎಳೆದರೆ ಒಪ್ಪುತ್ತಿದ್ದ. "ಓಬಣ್ಣ?" "ಹೂಂ."

ಮುಂದಿನ ಕೋಣೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

ಈರಕ್ಕ ಜಂತಿಗಳ ಸಂದಿಯಿಂದ ಬಂದರು. ಮೊಳಕೈವರೆಗೂ ಹಿಟ್ಟು. ತೆರೆದ ಬಾಯಿಯನ್ನೂ, ಕಿಟಕಿಯ ಮೇಲಿದ್ದ ಮಣ್ಣೆತ್ತನ್ನೂ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಯಾರು ಅದು ಹೂಂ ಅಂದಿದ್ದು?"

"ಓಬಣ್ಣ, ಕೆಳಗಿದಾನೆ."

"ಹೂಂ ಅಂದ್ರೆ ಸಾಲದಂಥ ಮಾತು ಏನಾರ ಕೇಳು."

ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ಸರಿಸಿ, ಬಾಯಿಯ ಅಂಚಿಗೆ ಹಿಟ್ಟಿನ ಕೈ ಊರಿ ಬಗ್ಗಿದರು.

"ಲೇ ಓಬಣ್ಣ, ಬೆಳಿಗ್ಗೆ ನಿಂಗೆ ರೊಟ್ಟಿ ಜೊತೆ ಏನು ಕೊಟ್ಟೆ?"

"ಹೂಂ."

"ನಿಂಗೆ ಎಷ್ಟು ಜನ ಮಕ್ಕಳಪ್ಪ?"

"ಹೂಂ."

ಮಾಳಿಗೆ ತೆಗೆದ ಪಡಸಾಲೆಗೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಅಷ್ಟು ಬೆಳಕಿನಲ್ಲಿ ನಾನು ಫೋನನ್ನು ಕಿವಿಯಿಂದ ಇಳಿಸಿದೆ. ಆ ಹೂಂ ಒಂದೇ ಸಮ ಇತ್ತು. ಮೊದಲಿನದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಅಷ್ಟು ಹೊತ್ತಿನಿಂದ ನಾನು ಯಾರ ಜೊತೆ ಮಾತಾಡುತ್ತಿದ್ದೆ?

ಈರಕ್ಕ ಎದ್ದು ನಿಂತು, "ಎಳೀರಿ" ಎಂದರು. ದನಿ ಎತ್ತರಿಸಲೂ ಇಲ್ಲ.

ನಾಲ್ಕು ಜನ ಎಳೆದೆವು. ನನ್ನ ಫೋನ್ ಎಲ್ಲೋ ಬಿತ್ತು, ಅದರೊಳಗೆ ಗಿರಾಕಿ ಹಲೋ ಹಲೋ ಎನ್ನುತ್ತಿದ್ದ. ಓಬಣ್ಣನ ತಲೆ ಮೇಲೆ ಬಂದಾಗ ಅದು ಎದೆಯ ಮೇಲೆ ಜೋತುಬಿದ್ದಿತ್ತು. ತುಟಿ ನೀಲಿ. ಹೆಗಲು ಬಾಯಿಗೆ ಸಿಕ್ಕಿಕೊಂಡಿತು, ಈರಕ್ಕ ತೋಳು ಹಿಡಿದು ಬಿಡಿಸಿದರು. ಗಾಳಿಗೆ ಮಲಗಿಸಿ ಎದೆ ಒತ್ತಿ, ಮುಖಕ್ಕೆ ನೀರು ಹೊಡೆದು, ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲೆ ಇತ್ತು. ಓಬಣ್ಣ, ಓಬಣ್ಣ ಎಂದು ಕರೆಯಲು ಬಾಯಿ ತೆರೆದೆ, ಕರೆಯಲಿಲ್ಲ. ಹೂಂ ಎಂದುಬಿಟ್ಟರೆ ಎಂದು ಹೆದರಿಕೆಯಾಯಿತು.

ಎರಡನೇ ದಿನ ಸಂಜೆ ಅವನು ಸರಿಯಾಗಿ ಕಣ್ಣು ಬಿಟ್ಟ. ಈರಕ್ಕ ಗಂಜಿ ತಂದಿದ್ದರು. ನಾನು ಕಾಲ ಬಳಿ ಕೂತು, "ತಪ್ಪು ನಂದು ಕಣಣ್ಣ. ನೀನು ಓಗೊಡ್ತಾ ಇದೀಯ ಅಂದ್ಕಂಡೆ" ಎಂದೆ.

ಅವನು ಸೂರು ನೋಡುತ್ತ ಮೆಲ್ಲಗೆ ಹೇಳಿದ.

"ಒಂದೇ ಸಲ ರತ್ನವ್ವ. ಮೊದಲನೇ ಸಲ ಅಂದಿದ್ದಷ್ಟೇ ನಾನು. ಆಮೇಲೆ ನೀನು ಕರೆದಾಗೆಲ್ಲ, ನಾನು ಬಾಯಿ ಬಿಡೋಕೆ ಮುಂಚೇನೇ ನನ್ನ ಬೆನ್ನ ಹಿಂದೆ ಯಾರೋ ಹೂಂ ಅಂದ್ರು. ಸರಿ, ಇನ್ನ್ಯಾಕೆ ನಾನು ಅನ್ನೋದು ಅಂತ ಸುಮ್ಮನಾದೆ."

ನಾನು ಈರಕ್ಕನ ಮುಖ ನೋಡಿದೆ. ಅವರು ಗಂಜಿ ಆರಿಸುತ್ತಿದ್ದರು. ಆ ಮನೆಯ ಕಥೆ ಹೇಳಿದ್ದು ಆಗಲೇ.

"ನಮ್ಮಜ್ಜಿ ಆ ಮನೆಗೆ ಎರಡನೇ ಸೊಸೆ. ಮೊದಲನೆಯವಳು, ನಮ್ಮಜ್ಜನ ಮೊದಲನೇ ಹೆಂಡ್ತಿ, ಗಂಗವ್ವ ಅಂತ. ಮದುವೆ ಆಗಿ ವರ್ಷ ತುಂಬಿರಲಿಲ್ಲ. ಆಷಾಢ ಬಂತು. ಹೊಸಾ ಸೊಸೇನ ತವರಿಗೆ ಕಳಿಸಬೇಕಲ್ಲ, ಕಳಿಸಲಿಲ್ಲ. ಮನ್ಯಾಗೆ ಕೆಲಸ. ಕೊನೆಗೆ ಅವಳ ಅಣ್ಣನೇ ಗಾಡಿ ಕಟ್ಕಂಡು ಕರೆಯೋಕೆ ಬಂದ. ಹಗೇವಿನಿಂದ ನಾಲ್ಕು ಬುಟ್ಟಿ ಜೋಳ ತೆಗೆದುಕೊಟ್ಟು ಹೋಗಲಿ ಅಂದ್ಲು ಅತ್ತೆ. ಸಣ್ಣ ಮೈ, ಬಾಯಾಗೆ ಸಲೀಸಾಗಿ ಇಳೀತಿದ್ಲು. ಮೂರು ಬುಟ್ಟಿ ಬಂತು."

ಗಂಜಿಯ ಬಟ್ಟಲನ್ನು ಓಬಣ್ಣನ ಕೈಗೆ ಕೊಟ್ಟು ಮುಂದುವರಿಸಿದರು.

"ಅತ್ತೆ ಕರೆದ್ಲು, ಹೂಂ ಅಂತು. ಅಣ್ಣಂಗೆ ತಟ್ಟೆ ಇಟ್ಲು. ನಿನ್ನ ತಂಗಿ ಮುನಿಸಿಕೊಂಡು ಕೆಳಗೆ ಕುಂತೈತೆ, ನೀನೇ ಕರಿಯಪ್ಪ ಅಂದ್ಲು. ಅವನೂ ಕರೆದ. ಗಂಗವ್ವ? ಹೂಂ. ತಂಗಿ ದನಿ ಅಂತ ನಂಬಿ ಅವನು ಮುದ್ದೆ ಮುರಿದ. ಊಟ ಮುಗಿಯೋವರೆಗೂ ಕರೀತಾನೇ ಇದ್ನಂತೆ, ಅದೂ ಹೂಂ ಅಂತಾನೇ ಇತ್ತಂತೆ. ದೀಪ ಇಳಿಸಿ ನೋಡೋ ಹೊತ್ತಿಗೆ ಅವಳು ಹೋಗಿ ಎಷ್ಟು ಹೊತ್ತಾಗಿತ್ತೋ. ಅಣ್ಣ ಖಾಲಿ ಗಾಡಿ ಹೊಡ್ಕಂಡು ಹೋದ. ನಮ್ಮಜ್ಜಿ ಹೊಸಲು ದಾಟಿ ಬಂದ ದಿನಾನೇ ಅತ್ತೆ ಅವಳ ಬಾಯಿ ಕಟ್ಟಿದ್ಲು, ಈ ಮನ್ಯಾಗೆ ಹೂಂ ಅನ್ನಬ್ಯಾಡ ಅಂತ. ಮನೆಯೋರು ಯಾರೂ ಹೂಂ ಅನ್ನದಿದ್ರೆ, ಹೂಂ ಅಂದಿದ್ದು ಯಾರು ಅಂತ ಗೊತ್ತಾಗತೈತಲ್ಲ."

"ಅವಳ ತವರು ಯಾವ ಊರು?" ಎಂದು ಓಬಣ್ಣ ಕೇಳಿದ.

"ಮಾಡದಕೆರೆ" ಎಂದರು ಈರಕ್ಕ.

ಅವನು ಬಟ್ಟಲನ್ನು ಕೆಳಗಿಟ್ಟ.

ನಾನು ಲೆಕ್ಕಾಚಾರದ ಹೆಂಗಸು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖಾಲಿ ಸೀಸೆಯ ಬಾಯಿಗೆ ಅಡ್ಡ ಊದಿದರೆ ಅದು ಹೂಂ ಎನ್ನುತ್ತದೆ. ಹಗೇವು ಎಂದರೆ ದೊಡ್ಡ ಸೀಸೆ. ಗಾಳಿ ಜೋರಿರುವುದು ಆಷಾಢದಲ್ಲಿ, ಅದಕ್ಕೇ ಆಷಾಢದಲ್ಲಿ ಕೂಗುತ್ತದೆ, ಅದಕ್ಕೇ ಜೇಡಿಮಣ್ಣು ಮೆತ್ತುತ್ತಾರೆ. ಎಲ್ಲವೂ ಸರಿಹೋಗುತ್ತದೆ. ಕೇಳಿದವರಿಗೆ ಈಗಲೂ ಹೀಗೇ ಹೇಳುತ್ತೇನೆ. ಒಂದು ಮಾತ್ರ ಸರಿಹೋಗುವುದಿಲ್ಲ. ಗಾಳಿ ತನಗೆ ಬೇಕಾದಾಗ ಬೀಸುತ್ತದೆ. ಅವತ್ತು ಅದು ನಾವು ಕರೆದಾಗ ಮಾತ್ರ ಓಗೊಟ್ಟಿತ್ತು.

ಚಪ್ಪಡಿ ಮತ್ತೆ ಮುಚ್ಚಿದೆವು. ಕೆಲಸ ನಿಲ್ಲಿಸಿದೆ. ಗಿರಾಕಿ ಕಾದು ಕಾದು ಬೇರೆ ಕಡೆ ಹೋದ, ಹೋಗಲಿ ಎಂದೆ. ಭೀಮನ ಅಮಾವಾಸ್ಯೆ ಕಳೆಯಿತು. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಮಣ್ಣು ತುಂಬಿದ ಟ್ರಾಕ್ಟರ್ ಓಣಿಯ ಬಾಯಲ್ಲಿ ನಿಂತಿತ್ತು. ಓಬಣ್ಣನಿಗೆ ಬರಬೇಡ ಎಂದಿದ್ದೆ, ಬಂದಿದ್ದ. ಈರಕ್ಕ ಮೊರದಲ್ಲಿ ಒಂದು ಹಸಿರು ಸೀರೆ, ಬಳೆ, ಅಕ್ಕಿ, ಕೊಬ್ಬರಿಬಟ್ಟಲು, ಬೆಲ್ಲ ಇಟ್ಟುಕೊಂಡು ಕೂತಿದ್ದರು. ಮಲ್ಲೇಶಪ್ಪನವರೂ ಇದ್ದರು.

"ಓಬಣ್ಣ, ನಾವು ಕರೆದ್ರೆ ಅವಳು ಬರಲ್ಲ. ನಾವು ಅತ್ತೆ ಮನೆಯೋರು. ನೀನು ಅವಳ ಊರೋನು. ಅಣ್ಣ ಆಗಿ ಒಂದ್ಸಲ ಕರಿ."

ಅವನು ಆ ಬಾಯಿಯ ಹತ್ತಿರ ಮತ್ತೆ ಹೋಗುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಟವೆಲ್ಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಚಪ್ಪಡಿ ಸರಿಸಿದರು. ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಮೊರ ಕೈಗೆ ತೆಗೆದುಕೊಂಡು, ಮನೆಯ ಹೆಣ್ಣುಮಗಳನ್ನು ಕರೆಯುವಷ್ಟೇ ಸಹಜವಾಗಿ ಹೇಳಿದ:

"ಗಂಗವ್ವ, ಗಾಡಿ ಬಂದೈತೆ. ಜೋಳ ಸಾಕು. ಬಾರವ್ವ, ಊರಿಗೆ ಹೋಗಾಣ."

ಕೆಳಗಿನಿಂದ ಏನೂ ಬರಲಿಲ್ಲ. ಒಂದು ಕಡ್ಡಿ ಅಲುಗಿದ ಸದ್ದೂ ಇಲ್ಲ. ಓಬಣ್ಣ ಇನ್ನೊಂದು ಸಲ ಕರೆಯಲಿಲ್ಲ. ಮೊರವನ್ನು ಹೆಗಲಿಗೆ ಏರಿಸಿಕೊಂಡು, ಹಿಂದೆ ನೋಡದೆ ಪಡಸಾಲೆ ದಾಟಿ ಹೊರಗೆ ನಡೆದ. ಈರಕ್ಕ ಗೋಡೆಗೆ ಸರಿದು ಅವನ ಹಿಂದೆ ಒಬ್ಬರು ಹೋಗುವಷ್ಟು ದಾರಿ ಬಿಟ್ಟರು. ನಾನೂ ಬಿಟ್ಟೆ. ಮಲ್ಲೇಶಪ್ಪನವರು ತಲೆ ತಗ್ಗಿಸಿದರು. ಆಮೇಲೆ ಹಗೇವಿಗೆ ಮಣ್ಣು ಬಿತ್ತು.

ಕಂಬಗಳನ್ನು ಲಾರಿಗೆ ಹೇರುವಷ್ಟರಲ್ಲಿ ಮಧ್ಯಾಹ್ನವಾಯಿತು. ಓಬಣ್ಣ ಮೊರವನ್ನು ಕಂಬಗಳ ಮೇಲೆ ಇಟ್ಟು, ತಾನೂ ಹಿಂದೆಯೇ ಹತ್ತಿ ಕೂತ. ಮುಂದೆ ಬಾ ಎಂದರೆ ಬರಲಿಲ್ಲ. ಹಿರಿಯೂರಿಗೆ ಹೋಗಬೇಕಾದ ಲಾರಿ ಅದು. ಊರು ದಾಟುವಾಗ ನಾನೇ ಡ್ರೈವರನಿಗೆ ಹೊಸದುರ್ಗದ ಕಡೆ ತಿರುಗಿಸಪ್ಪ ಎಂದೆ. "ಅಕ್ಕಾ, ಪೂರಾ ಉಲ್ಟಾ ದಾರಿ. ಡೀಸೆಲ್ಲು?" ಎಂದ. ಮಾತಾಡದೆ ಓಡಿಸು ಎಂದೆ. ಅವನು ತಿರುಗಿ ನನ್ನ ಮುಖವನ್ನೇ ಎರಡು ಸಲ ನೋಡಿದ.

ಮಾಡದಕೆರೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕುರಿಗಳು ಹಿಂದಿರುಗುತ್ತಿದ್ದವು. ಊರ ಮುಂದೆ ಬೇವಿನ ಮರದ ಹತ್ತಿರ ಓಬಣ್ಣ ಲಾರಿಯ ತಗಡು ಬಡಿದ. ನಿಲ್ಲಿಸಿದೆವು. ಅವನು ಇಳಿದು ಹಿಂದಿನ ಹಲಗೆ ಬಿಚ್ಚಿದ. ಮೊರವನ್ನು ಮರದ ಬುಡದಲ್ಲಿ ಇಟ್ಟು ಬಂದು, ಹಲಗೆಯ ಪಕ್ಕದಲ್ಲಿ ಕೈ ಕಟ್ಟಿ ನಿಂತ. ಒಬ್ಬ ಹೆಂಗಸು ನೆರಿಗೆ ಎತ್ತಿ ಹಿಡಿದು, ಕಾಲೂರಲು ಜಾಗ ನೋಡಿಕೊಂಡು ಕೆಳಗಿಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತ. ಗಾಡಿಯನ್ನು ಒಂದು ನಿಮಿಷ ಸುಮ್ಮನೆ ನಿಲ್ಲಿಸಿದರೂ ಕೂಗಾಡುವವಳು ನಾನು. ಮುಂದಿನ ಸೀಟಿನಲ್ಲಿ ಕೈ ಮಡಿಚಿಕೊಂಡು ಕೂತಿದ್ದೆ.

ಲಾರಿ ಸಣ್ಣಗೆ ಒಮ್ಮೆ ಅಲುಗಿ ನಿಂತಿತು. ಓಬಣ್ಣ ಹಲಗೆ ಹಾಕಿ ಕೊಂಡಿ ಬಿಗಿದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓಬಣ್ಣ?" ಎಂದೆ.

"ಇದೀನಿ" ಎಂದ.

ತಲೆ ಎತ್ತಿ ಬೇವಿನ ಮರ ನೋಡಿದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವತ್ತು ಗಾಳಿಯೇ ಇರಲಿಲ್ಲ.